ಕಬ್ಬಿನ ಗಾಡಿಯೂ ಮೈಸೂರು ಹೆದ್ದಾರಿಯೂ



ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಕನ್ನಂಬಾಡಿಯ ನಾಲೆ ನೀರಿಗೆ ಕಬ್ಬು ಬೆಳೆಯಿತು. ಅದನ್ನು ಕಾರ್ಖಾನೆಗೆ ಹೊತ್ತದ್ದು ಎತ್ತಿನ ಗಾಡಿ. ಗಂಟೆಗೆ ಮೂರು ನಾಲ್ಕು ಕಿಲೋಮೀಟರಿನ ನಡಿಗೆ. ಆಮೇಲೆ ಟ್ರಾಕ್ಟರು ಬಂತು, ಹೊರೆ ಬೆಳೆಯಿತು. ಆದರೆ ವೇಗ ನಿಜವಾಗಿ ಬೆಳೆದದ್ದು ಕಾರಿಗೆ.

ಲೆಕ್ಕ ನೋಡಿ. ಕಬ್ಬು ತುಂಬಿದ ಟ್ರಾಕ್ಟರು ಗಂಟೆಗೆ 20 ಕಿಲೋಮೀಟರ್, ಕಾರು 100 ಅನ್ನೋಣ. ನಡುವಿನ ವ್ಯತ್ಯಾಸ 80, ಅಂದರೆ ಸೆಕೆಂಡಿಗೆ 22 ಮೀಟರು. ನೀವು ಹಳ್ಳಿ ದಾರಿಯಿಂದ ಹೆದ್ದಾರಿಗೆ ಏರಿದಾಗ 200 ಮೀಟರು ಹಿಂದಿದ್ದ ಕಾರು, ಬ್ರೇಕು ಹಾಕದಿದ್ದರೆ, ಒಂಬತ್ತೇ ಸೆಕೆಂಡಿನಲ್ಲಿ ಟ್ರೇಲರಿನ ಬೆನ್ನಿಗೆ ಬಂತು! ರಾತ್ರಿ ಹೊತ್ತು ಜೋತುಬಿದ್ದ ಜಲ್ಲೆ ಹಿಂದಿನ ಕೆಂಪು ದೀಪವನ್ನು ಮುಚ್ಚಿದ್ದರೆ ಅಷ್ಟು ಸಮಯವೂ ಸಿಗದು.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ನಡುವಿನ ಆರು ಪಥಗಳಲ್ಲಿ ಟ್ರಾಕ್ಟರು, ಬೈಕು, ಆಟೋ, ಎತ್ತಿನ ಗಾಡಿಗೆ ನಿಷೇಧ. ಇವಕ್ಕೆಲ್ಲ ಪಕ್ಕದ ಸರ್ವಿಸ್ ರಸ್ತೆ. ನಮ್ಮೂರ ನೆಲದ ಮೇಲಿನ ರಸ್ತೆಗೆ ನಾವೇ ಹೊರಗಿನವರಾದೆವೇ ಅಂತ ಅನ್ನಿಸೀತು. ಅನ್ನಿಸಲಿ, ತಪ್ಪೇನಿಲ್ಲ. ಆದರೂ ಆ ಒಂಬತ್ತು ಸೆಕೆಂಡಿನ ಲೆಕ್ಕ ಸುಳ್ಳಾಗದು.

ಬೇರೆ ಎಷ್ಟೋ ಹೆದ್ದಾರಿಗಳಲ್ಲಿ ಈ ವಿಂಗಡಣೆ ಇಲ್ಲ. ಅಲ್ಲಿ ಏರುವ ಮುಂಚೆ ಒಮ್ಮೆ ಕೆಳಗಿಳಿದು, ಹಿಂದಿನ ದೀಪ ಉರಿಯುತ್ತಿದೆಯೇ, ಜಲ್ಲೆ ಅಡ್ಡ ಬಂದಿದೆಯೇ ನೋಡಿ ಬನ್ನಿ. ದೂರದಲ್ಲಿ ಕಂಡ ಕಾರು ಮೊದಲು ದಾಟಿ ಹೋಗಲಿ.