ಪತ್ತೇದಾರ ಮನಸ್ಸಿನೊಳಗೆ ಇಳಿಯೋದು ಯಾವಾಗ?

ಮೂರು ತಿಂಗಳಾಯ್ತು ಬ್ಲಾಗಿನ ಕಡೆ ತಲೆ ಹಾಕಿ. ಕಾರಣ ಹೇಳಿದ್ರೆ ನಗಬಾರದು... ಕಾದಂಬರಿ ಬರೀತಿದ್ದೀನಿ :) ಹದಿನಾಲ್ಕು ಹದಿನೈದು ವಯಸ್ಸಿನವರಿಗಾಗಿ ಒಂದು ರಹಸ್ಯ ಕಾದಂಬರಿ. ಯಲಹಂಕದ ಹಳೇ ಕ್ವಾರ್ಟರ್ಸಿನಲ್ಲಿ ನಡೆಯುವ ಕಥೆ. ಕೊಲೆ ಇಲ್ಲ, ಕಳ್ಳತನ ಇಲ್ಲ. ಒಬ್ಬಳ ಮನಸ್ಸಿಗೆ ಏನಾಯ್ತು ಅನ್ನೋದಷ್ಟೇ ಪತ್ತೆಯಾಗಬೇಕು.

ನಾಲ್ಕನೇ ಅಧ್ಯಾಯದಲ್ಲಿ ಗಾಡಿ ನಿಂತುಹೋಯ್ತು. ಹೆಬ್ಬಾಳ ಫ್ಲೈಓವರ್ ಮೇಲೆ ಕ್ಯಾಬ್ ನಿಂತ ಹಾಗೆ, ಹಿಂದೂ ಇಲ್ಲ ಮುಂದೂ ಇಲ್ಲ. ಕನ್ನಡದಲ್ಲಿ ನಮ್ಮ ಹಿಂದಿನವರು ಇಂಥದ್ದನ್ನ ಹೇಗೆ ಬರೆದಿದ್ದಾರೆ ನೋಡೋಣ ಅಂತ ಹುಡುಕೋಕೆ ಕೂತೆ.

ಮೊದಲು ಸಿಗುವವರು ಎನ್. ನರಸಿಂಹಯ್ಯ. ಓದಿದ್ದು ನಾಲ್ಕನೇ ತರಗತಿ. ಬರೆದ ಕಾದಂಬರಿಗಳ ಲೆಕ್ಕ ಸುಮಾರು ಐನೂರು ಅಂತಾರೆ! ಇಂಜಿನಿಯರಿಂಗ್ ಮುಗಿಸಿ ಮೂರು ಅಧ್ಯಾಯಕ್ಕೇ ಸುಸ್ತಾದ ನನಗೆ ಇದು ಸ್ವಲ್ಪ ಅವಮಾನದ ವಿಷಯವೇ. ಅವರ ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಒಂದು ಕಾಲದಲ್ಲಿ ಮನೆಮಾತು. ಆರ್.ಟಿ. ನಗರದ ಅಜ್ಜಿ ಮನೆಯ ಟ್ರಂಕಿನಲ್ಲಿ ಅಮ್ಮ ಕೂಡಿಟ್ಟಿದ್ದ ಆರೇಳು ಪುಸ್ತಕ ನನಗೂ ಸಿಕ್ಕಿದ್ದವು, ಕೆಲವಕ್ಕೆ ಕೊನೇ ಪುಟವೇ ಇರಲಿಲ್ಲ. ಅಪರಾಧಿ ಯಾರೆಂದು ಇವತ್ತಿಗೂ ಗೊತ್ತಿಲ್ಲ. 2011ರಲ್ಲಿ ಅವರು ತೀರಿಕೊಂಡಾಗ, ಕನ್ನಡ ಓದುವ ಚಟ ಹಿಡಿಸಿದ್ದೇ ಅವರು ಅಂತ ಎಷ್ಟೋ ಜನ ನೆನೆದರು. ನಿಜವೇ. ಆದರೆ ಅಲ್ಲಿ ರಹಸ್ಯ ಇರೋದು ಹೊರಗೆ. ಅಪರಾಧಿ ಸಿಕ್ಕಿಬಿದ್ದರೆ ಕಥೆ ಮುಗೀತು.

ಒಳಗಿನ ರಹಸ್ಯ ಬೇಕೆಂದರೆ ತ್ರಿವೇಣಿ. ಅನಸೂಯಾ ಶಂಕರ್ ಅವರ ನಿಜ ಹೆಸರು. ಮೈಸೂರಿನಲ್ಲಿ ಮನಃಶಾಸ್ತ್ರ ಓದಿ ಪದವಿ ಪಡೆದವರು, ಹಾಗಾಗಿ ಊಹೆಯ ಮೇಲೆ ಬರೆದದ್ದಲ್ಲ. 1953ರ 'ಅಪಸ್ವರ'ದಿಂದ ಶುರುಮಾಡಿ ಹತ್ತೇ ವರ್ಷ ಬರೆದರು, 1963ರಲ್ಲಿ ಹೋಗಿಯೇಬಿಟ್ಟರು. ಆಗ ಅವರಿಗೆ ಬರೀ ಮೂವತ್ತನಾಲ್ಕು. 'ಬೆಕ್ಕಿನ ಕಣ್ಣು' 1966ರಲ್ಲಿ ಮಲಯಾಳಂನಲ್ಲಿ 'ಪೂಚ್ಚಕ್ಕಣ್ಣಿ' ಆಯ್ತು, 'ಶರಪಂಜರ' 1971ರಲ್ಲಿ ಕನ್ನಡದಲ್ಲೇ ಸಿನಿಮಾ ಆಯ್ತು. ಎರಡಕ್ಕೂ ಪುಟ್ಟಣ್ಣ ಕಣಗಾಲರೇ ನಿರ್ದೇಶಕರು.

'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬೀಳ್ತಾಳೆ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೂ ಬರ್ತಾಳೆ. ಮನೆಯವರು ಮಾತ್ರ ಅವಳನ್ನ ಕಾಯಿಲೆಯವಳಾಗೇ ನೋಡ್ತಾರೆ. ನನಗನ್ನಿಸುತ್ತೆ, ಈ ಕೇಸಿಗೆ ಪುರುಷೋತ್ತಮನನ್ನ ಕಳಿಸಿದ್ದರೆ ಇಡೀ ಮನೆಗೇ ಬೇಡಿ ಹಾಕಬೇಕಾಗ್ತಿತ್ತು.

ಇದೇ ಬೆಂಗಳೂರಿನಲ್ಲಿ ಡಾಕ್ಟರಾಗಿದ್ದ 'ರಾಶಿ', ಅಂದರೆ ಎಂ. ಶಿವರಾಂ, 1942ರಲ್ಲಿ 'ಕೊರವಂಜಿ' ಶುರುಮಾಡಿ ಊರನ್ನೆಲ್ಲ ನಗಿಸಿದವರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಹಾಸ್ಯಕ್ಕಲ್ಲ, 'ಮನಮಂಥನ' ಅನ್ನೋ ಮನೋವೈದ್ಯಕೀಯದ ಪುಸ್ತಕಕ್ಕೆ. ಅಷ್ಟರಲ್ಲಿ 1974ರಲ್ಲಿ ನಿಮ್ಹಾನ್ಸ್ ಕೂಡ ಬಂದಿತ್ತು. ವಿದ್ಯೆ ಊರಲ್ಲೇ ಇತ್ತು ನೋಡಿ. ನಮ್ಮ ಸ್ಕೂಲಿನಲ್ಲಿ ಮಾತ್ರ 'ನಿಮ್ಹಾನ್ಸ್' ಒಂದು ಬೈಗುಳವಾಗಿತ್ತು.

ಹುಡುಗರ ಕೈಗೆ ಸಿಕ್ಕಿದ್ದೇನು? ಯಂಡಮೂರಿಯವರ 'ತುಳಸಿದಳ' ತೆಲುಗಿನಿಂದ ಬಂತು, 1985ರಲ್ಲಿ ಕನ್ನಡ ಸಿನಿಮಾನೂ ಆಯ್ತು. 2004ರಲ್ಲಿ 'ಆಪ್ತಮಿತ್ರ'. ನಾಗವಲ್ಲಿಯನ್ನ ನೋಡಿ ಏಳು ವರ್ಷದ ನಾನು ಒಂದು ವಾರ ಒಬ್ಬನೇ ಬಚ್ಚಲಿಗೆ ಹೋಗಿರಲಿಲ್ಲ. ಅದು ದೆವ್ವ ಅಲ್ಲ, ಕಾಯಿಲೆ ಅಂತ ಡಾಕ್ಟರು ಸಿನಿಮಾದಲ್ಲೇ ಹೇಳ್ತಾರೆ, ಆದರೆ ನೆನಪಲ್ಲಿ ಉಳಿಯೋದು ಗೆಜ್ಜೆ ಸದ್ದು. ಅಮೆರಿಕದಲ್ಲಿ ರಾಬರ್ಟ್ ಕಾರ್ಮಿಯರ್ 1977ರಲ್ಲೇ 'ಐ ಆಮ್ ದ ಚೀಸ್' ಬರೆದರು. ಒಬ್ಬ ಹುಡುಗನ ಸೈಕಲ್ ಪ್ರಯಾಣ, ನಡುನಡುವೆ ಅವನನ್ನ ಯಾರೋ ಪ್ರಶ್ನೆ ಕೇಳುವ ಟೇಪು. ಕೊನೆ ಹೇಳಲ್ಲ, ಓದಿ. ದೆವ್ವವಿಲ್ಲದೆ ಬೆವರಿಳಿಸುತ್ತೆ. ಹದಿಹರೆಯದವರನ್ನ ನಂಬಿ ಬರೆದ ಪುಸ್ತಕ. ನಮ್ಮಲ್ಲಿ ಆ ವಯಸ್ಸಿನವರು ದೊಡ್ಡವರ ಪುಸ್ತಕ ಕದ್ದು ಓದಿಯೇ ಬೆಳೆದದ್ದು.

ಈಗ ನಾಲ್ಕನೇ ಅಧ್ಯಾಯ. ನನಗೆ ಹದಿಮೂರಿದ್ದಾಗ ನಮ್ಮ ಸಂಬಂಧಿಕರೊಬ್ಬರಿಗೆ ಹುಷಾರಿರಲಿಲ್ಲ. ಏನೆಂದು ಕೇಳಿದ್ರೆ 'ಗಾಳಿ ಸೋಕಿದೆ', 'ನೀವು ಹೋಗಿ ಆಟ ಆಡ್ಕೊಳ್ಳಿ'. ನಾನೂ ಕಸಿನ್ನೂ ಟ್ರಂಕಿನ ಪುಸ್ತಕ ಓದಿ ಪತ್ತೇದಾರರಾಗಿದ್ದೆವಲ್ಲ. ಯಾರೋ ವಿಷ ಹಾಕ್ತಿದ್ದಾರೆ ಅಂತ ತೀರ್ಮಾನಿಸಿ, ಅವರ ಮಾತ್ರೆಯ ಪಟ್ಟಿಗಳನ್ನ 'ಸಾಕ್ಷ್ಯ' ಅಂತ ಬಚ್ಚಿಟ್ಟೆವು. ಮಾತ್ರೆ ಕಳೆದುಹೋಯ್ತು ಅಂದರೆ ಮನೆಯಲ್ಲಿ ಅವರ ಮಾತನ್ನೇ ಯಾರೂ ನಂಬಲಿಲ್ಲ. ನೀನೇ ಎಲ್ಲೋ ಎಸೆದಿರಬೇಕು ಅಂದರು. ಕೆಲವು ದಿನಗಳಲ್ಲೇ ಅವರನ್ನ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯ್ತು. ನಾವಿಬ್ಬರೂ ಬಾಯಿ ಬಿಡಲಿಲ್ಲ, ಇವತ್ತಿನವರೆಗೂ. ತ್ರಿವೇಣಿಯನ್ನ ಓದಿದ್ದು ಅದಾದ ಐದಾರು ವರ್ಷಕ್ಕೆ, ಹಾಸ್ಟೆಲಿನಲ್ಲಿ. ಅರ್ಧಕ್ಕೇ ಮುಚ್ಚಿಟ್ಟಿದ್ದೆ.

ಅಂತೂ ಹೋದ ವಾರ ಆ ಅಧ್ಯಾಯ ಮುಗಿಸಿದೆ. ಪತ್ತೇದಾರ ಹುಡುಗನೇ ಅಪರಾಧಿ, ಅದು ಅವನಿಗೆ ಇನ್ನೂ ಗೊತ್ತಿಲ್ಲ. ಸಂಬಂಧಿಕರಿಗೆ ಹೇಳುವ ಮೊದಲು ಕಸಿನ್‌ಗೆ ಓದೋಕೆ ಕಳಿಸಿದ್ದೀನಿ. ಭಾನುವಾರವೇ ಓದಿದ್ದಾನೆ ಅಂತ ಗೊತ್ತು, ಉತ್ತರ ಬಂದಿಲ್ಲ.