ರಾಯಚೂರು ಸೀಮೆಯ ವ್ಯಾಪಾರವೂ ಸರಕಾರದ ಕಟ್ಟಳೆಗಳೂ (1871–1966)

ರಾಜ್ಯಗಳ ಉದಯಾಸ್ತಗಳನ್ನು ವರ್ಣಿಸುವ ಇತಿಹಾಸಗ್ರಂಥಗಳಲ್ಲಿ ಅಂಗಡಿಕಾರನಿಗೆ ಸ್ಥಳ ದೊರೆಯುವುದು ವಿರಳ. ಆದರೆ ಸರಕಾರ ಬದಲಾದಾಗ ಅದರ ಪರಿಣಾಮವನ್ನು ಮೊದಲು ಅನುಭವಿಸುವವರಲ್ಲಿ ಅವನೂ ಒಬ್ಬನು. ನಾಣ್ಯ, ತೂಕ, ಸುಂಕ, ಪರವಾನಗಿ ಇವೆಲ್ಲವೂ ಆಜ್ಞಾಪತ್ರದಲ್ಲಿ ಹುಟ್ಟಿ ಅವನ ತಕ್ಕಡಿಗೂ ಕಿರ್ದಿಗೂ ಬಂದು ಮುಟ್ಟುತ್ತವೆ. ರಾಯಚೂರು ಸೀಮೆಯಲ್ಲಿ ಇಂಥ ಬದಲಾವಣೆಗಳು ಹೇಗೆ ನಡೆದುವು, ಅವುಗಳ ಭಾರ ಯಾರ ಮೇಲೆ ಬಿದ್ದಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಪ್ರದೇಶವು 1853ರ ಒಪ್ಪಂದದಂತೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಹೋಗಿ, 1860ರಲ್ಲಿ ಮರಳಿ ನಿಜಾಮರ ವಶವಾಯಿತು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನಿಂದ ಬಂದ ದಾರಿಯೂ ರಾಯಚೂರಿನಲ್ಲಿ ಕೂಡಿದುವು. ಅಂದಿನಿಂದ ಇಲ್ಲಿಯ ಹತ್ತಿಗೂ ಎಣ್ಣೆಕಾಳುಗಳಿಗೂ ಎರಡು ಬಂದರುಗಳ ದಾರಿ ತೆರೆಯಿತು. ಆದರೆ ರೈಲು ಬಂದದ್ದು ಪಟ್ಟಣಕ್ಕೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಒಳನಾಡಿನ ಊರುಗಳ ಮಾಲು ಬಂಡಿಯ ಮೇಲೆಯೇ ಸಾಗಬೇಕಾಗಿದ್ದಿತು. ಹೀಗಾಗಿ ವ್ಯಾಪಾರದಲ್ಲಿ ಎರಡು ಅಂತಸ್ತುಗಳಾದುವು: ಮುಂಬಯಿಯ ಧಾರಣೆಯನ್ನು ತಂತಿಯ ಮೂಲಕ ತಿಳಿಯಬಲ್ಲ ಪಟ್ಟಣದ ಅಡತಿಯವರು ಒಂದು ಕಡೆ, ಅವರ ಮಾತನ್ನೇ ನಂಬಿ ಹಳ್ಳಿಯಲ್ಲಿ ಕಾಳು ಕೊಳ್ಳುವ ಸಣ್ಣ ವ್ಯಾಪಾರಿ ಇನ್ನೊಂದು ಕಡೆ. ಮುಂದಿನ ಪ್ರತಿಯೊಂದು ಕಟ್ಟಳೆಯೂ ಈ ಎರಡು ಅಂತಸ್ತುಗಳನ್ನು ಬೇರೆಬೇರೆ ರೀತಿಯಲ್ಲಿ ಮುಟ್ಟಿತು.

ಮೊದಲನೆಯದು ಕರೋಡಗಿರಿ, ಅಂದರೆ ಗಡಿಸುಂಕ. 1802ರ ವಾಣಿಜ್ಯ ಒಪ್ಪಂದವು ಕಂಪನಿಯ ಸೀಮೆಗೂ ನಿಜಾಮರ ಸೀಮೆಗೂ ನಡುವೆ ಸಾಗುವ ಮಾಲಿಗೆ ಶೇಕಡಾ 5ರ ಸುಂಕವನ್ನು ಗೊತ್ತುಪಡಿಸಿದ್ದಿತು. ದಕ್ಷಿಣಕ್ಕೆ ಮದರಾಸು ಪ್ರಾಂತದ ಆದವಾನಿ, ಬಳ್ಳಾರಿಗಳೂ ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ವಿಜಾಪುರವೂ ಇದ್ದುದರಿಂದ ರಾಯಚೂರಿನವರಿಗೆ ಪರರಾಜ್ಯವು ಬಹು ಸಮೀಪವಾಗಿದ್ದಿತು. ಭಾಷೆ, ಬಳಗ, ಜಾತ್ರೆಗಳಿಗೆ ಇಲ್ಲದ ಗಡಿ ಮಾಲಿನ ಮೂಟೆಗೆ ಮಾತ್ರ ಇದ್ದಿತು. ಸುಂಕವನ್ನು ನಾಕೆಯಲ್ಲಿ ತೆತ್ತವನು ವ್ಯಾಪಾರಿಯಾದರೂ, ಧಾರಣೆಯನ್ನು ದೂರದ ಪೇಟೆಯೇ ಗೊತ್ತುಮಾಡುತ್ತಿದ್ದ ಸರಕುಗಳಲ್ಲಿ ಅದರ ಭಾರವು ಒಕ್ಕಲಿಗನಿಗೆ ಕೊಟ್ಟ ಬೆಲೆಯಿಂದಲೇ ಕಳೆದುಹೋಗುತ್ತಿದ್ದಿತೆಂದು ಊಹಿಸುವುದು ತಪ್ಪಾಗಲಾರದು.

ಎರಡನೆಯದು ಪೇಟೆಯ ನಿಯಂತ್ರಣ. ನಿಜಾಮರ ಅಧಿರಾಜ್ಯದಲ್ಲಿದ್ದು ಬ್ರಿಟಿಷರ ಆಡಳಿತಕ್ಕೊಳಪಟ್ಟಿದ್ದ ವರ್ಹಾಡದಲ್ಲಿ 1897ರಷ್ಟು ಹಿಂದೆಯೇ ಹತ್ತಿ ಮತ್ತು ಧಾನ್ಯದ ಪೇಟೆಗಳಿಗೆ ಕಾನೂನು ಬಂದಿದ್ದಿತು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ನು ಇಂಥ ಪೇಟೆಗಳನ್ನು ಎಲ್ಲೆಡೆ ಸ್ಥಾಪಿಸಬೇಕೆಂದು ಸಲಹೆ ಮಾಡಿತು. ತರುವಾಯ 1339 ಫಸಲಿಯಲ್ಲಿ, ಎಂದರೆ 1929-30ರಲ್ಲಿ, ಹೈದರಾಬಾದಿನ ಕೃಷಿ ಮಾರುಕಟ್ಟೆ ಕಾನೂನು ಜನಿಸಿತು. ದಲಾಲರೂ ತೂಕದವರೂ ಪರವಾನಗಿ ಪಡೆಯಬೇಕು, ಪೇಟೆಗೊಂದು ಸಮಿತಿ ಇರಬೇಕು, ಮನಬಂದಂತೆ ಸೂಟು ಕಳೆಯಕೂಡದು ಎಂಬುದು ಇಂಥ ಕಾನೂನುಗಳ ತಿರುಳು. ಒಕ್ಕಲಿಗನ ಹಿತಕ್ಕೆ ಇದು ನಿಜವಾದ ಸುಧಾರಣೆಯೇ ಸರಿ. ಆದರೆ ಕಾನೂನಿನ ಅಧಿಕಾರ ನಡೆಯುತ್ತಿದ್ದುದು ಅದು ಗೊತ್ತುಪಡಿಸಿದ ಪೇಟೆಯ ಸರಹದ್ದಿನಲ್ಲಿ. ಸಾಲದ ಕಟ್ಟಿಗೆ ಸಿಕ್ಕಿ, ಬೆಳೆಯನ್ನು ಕಣದಲ್ಲಿಯೇ ಮಾರುವವನು ಆ ಸರಹದ್ದನ್ನು ತಲಪುತ್ತಲೇ ಇರಲಿಲ್ಲ. ಇದಲ್ಲದೆ ಸಂಸ್ಥಾನದ ಆಡಳಿತಭಾಷೆ ಉರ್ದು, ಕಾಲಗಣನೆ ಫಸಲಿ. ವ್ಯಾಪಾರಿ ಕಿರ್ದಿ ಬರೆಯುತ್ತಿದ್ದುದಾದರೋ ತನ್ನ ಭಾಷೆಯಲ್ಲಿ. ಸರಕಾರದ ಜರೀದಾವನ್ನು ಓದಿಸಿ ಅರ್ಥ ಹೇಳಿಸಿಕೊಳ್ಳಲು ಅನುಕೂಲವಿದ್ದವನಿಗೆ ಕಟ್ಟಳೆಯು ಮೊದಲು ತಿಳಿಯುತ್ತಿದ್ದಿತು.

ಮೂರನೆಯದು ನಾಣ್ಯ. ಸಂಸ್ಥಾನದಲ್ಲಿ ಹಾಲಿ ಸಿಕ್ಕಾ ರೂಪಾಯಿಯೂ ಬ್ರಿಟಿಷ್ ಇಂಡಿಯಾದ ಕಲದಾರ ರೂಪಾಯಿಯೂ ಜೊತೆಜೊತೆಯಾಗಿ ಓಡಾಡುತ್ತಿದ್ದುವು. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದವಾದ ಸ್ವಲ್ಪ ಕಾಲದಲ್ಲಿಯೇ ನಿಜಾಮ ಸರಕಾರವು ಭಾರತದ ನಾಣ್ಯ ಸಂಸ್ಥಾನದಲ್ಲಿ ಚಲಾವಣೆಗೆ ಸಲ್ಲದೆಂದು ಆಜ್ಞೆ ಹೊರಡಿಸಿತು. ಗಡಿಯಾಚೆಯ ಪೇಟೆಯೊಡನೆ ಲೇವಾದೇವಿ ಇದ್ದ ಸೀಮೆಗೆ ಇದು ಎಂಥ ಪೆಟ್ಟೆಂಬುದನ್ನು ವಿವರಿಸಬೇಕಾಗಿಲ್ಲ. 1948ರಲ್ಲಿ ಸರಕುಗಳ ಸಾಗಣೆಗೂ ತಡೆ ಬಿದ್ದಿತು. ಅದೇ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತಕ್ಕೆ ಸೇರಿದ ಮೇಲೆ, 1950ರಲ್ಲಿ ಭಾರತದ ರೂಪಾಯಿ ಅಧಿಕೃತವಾಗಿ ಬಂದಿತು. 7 ಹಾಲಿ ರೂಪಾಯಿಗೆ 6 ಭಾರತದ ರೂಪಾಯಿ ಎಂದು ದರ ಗೊತ್ತಾಯಿತು. ಬ್ಯಾಂಕಿನಲ್ಲಿ ಇದು ಸುಲಭದ ಲೆಕ್ಕ. ಆದರೆ ಒಂದು ಹಾಲಿ ರೂಪಾಯಿಗೆ 13 ಆಣೆ 8 ಪೈಗಿಂತ ತುಸು ಹೆಚ್ಚಾಗುತ್ತದೆ. ಸಂತೆಯಲ್ಲಿ ಆ 'ತುಸು' ಯಾರ ಪಾಲಿಗೆ ಹೋಗಬೇಕು? ಹಾಲಿ ನಾಣ್ಯ ಪೂರ್ಣವಾಗಿ ಅಮಾನ್ಯವಾದುದು 1959ರಲ್ಲಿ. ಅಷ್ಟರಲ್ಲಿ 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂದಿದ್ದಿತು. ಎಂದರೆ ಎರಡು ವರ್ಷಗಳ ಕಾಲ ಹಾಲಿ, ಆಣೆ, ನಯಾ ಪೈಸೆ ಎಂಬ ಮೂರು ಎಣಿಕೆಗಳನ್ನು ಜನರು ಬಲ್ಲವರಾಗಿರಬೇಕಾಗಿದ್ದಿತು. ಲೆಕ್ಕ ಬಲ್ಲವನಿಗೆ ಲಾಭ, ಬಾರದವನಿಗೆ ನಷ್ಟ.

ನಾಲ್ಕನೆಯದು ಮಾರಾಟ ತೆರಿಗೆ. 1950ರ ಏಪ್ರಿಲ್ 1ರ ಆರ್ಥಿಕ ಏಕೀಕರಣದ ಅನಂತರ ಸಂಸ್ಥಾನದ ಗಡಿಸುಂಕವನ್ನು ಹಂತಹಂತವಾಗಿ ತೆಗೆದುಹಾಕಬೇಕಾಯಿತು. ಕಳೆದುಹೋಗುವ ಆದಾಯಕ್ಕೆ ಬೇರೆ ಮೂಲಗಳು ಬೇಕಾದುವು. ಅದೇ 1950ರಲ್ಲಿ ಹೈದರಾಬಾದಿನ ಸಾಮಾನ್ಯ ಮಾರಾಟ ತೆರಿಗೆ ಕಾನೂನು ಜಾರಿಗೆ ಬಂದಿತು. ನಾಕೆಯಲ್ಲಿ ಒಮ್ಮೆ ತೆತ್ತು ಮುಗಿಯುತ್ತಿದ್ದ ತೆರಿಗೆ ಈಗ ಅಂಗಡಿಯ ಲೆಕ್ಕಪುಸ್ತಕದೊಳಕ್ಕೆ ಪ್ರವೇಶಿಸಿತು. ಲೆಕ್ಕವಿಡುವುದು ವ್ಯಾಪಾರಿಯ ಸ್ವಂತ ಸಂಗತಿಯಾಗಿ ಉಳಿಯದೆ ಸರಕಾರಕ್ಕೆ ಸಲ್ಲಿಸಬೇಕಾದ ಕರ್ತವ್ಯವಾಯಿತು. ನನ್ನ ಅಭಿಪ್ರಾಯದಲ್ಲಿ ಈ ಅವಧಿಯ ಅತ್ಯಂತ ಗಾಢವಾದ ಬದಲಾವಣೆ ಇದೇ.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಮೈಸೂರು ಮಾರಾಟ ತೆರಿಗೆ ಕಾನೂನು, 1958ರ ಅಕ್ಟೋಬರಿನಿಂದ ಕ್ರಮೇಣ ಸೇರು-ಮಣಗಳ ಸ್ಥಾನಕ್ಕೆ ಬಂದ ಕಿಲೋಗ್ರಾಮು, ಕೊನೆಗೆ ಹೈದರಾಬಾದು, ಮುಂಬಯಿ, ಮದರಾಸು, ಹಳೆಯ ಮೈಸೂರುಗಳ ಬೇರೆಬೇರೆ ಪೇಟೆ ಕಾನೂನುಗಳ ಸ್ಥಾನದಲ್ಲಿ ಬಂದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾನೂನು, ಇವುಗಳಿಂದ ಏಕೀಕರಣವು ಪೇಟೆಯಲ್ಲಿಯೂ ಸಿದ್ಧಿಸಿತು. ಗಡಿಗಳು ಅಳಿದುದು ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸುಮಾರು ಹದಿನೈದು ವರ್ಷಗಳೊಳಗೆ ನಾಣ್ಯ, ತೂಕ, ತೆರಿಗೆ, ಆಡಳಿತಭಾಷೆ ಇವೆಲ್ಲವೂ ಬದಲಾದ ಸೀಮೆ ಇದು ಎಂಬುದನ್ನು ಮರೆಯಲಾಗದು.

ಮೇಲಿನ ಸಂಗತಿಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಕಟ್ಟಳೆಯ ಭಾರವನ್ನು ಅದರ ದರದಿಂದ ಮಾತ್ರ ಅಳೆಯಲಾಗದು. ಅದನ್ನು ಮೊದಲು ತಿಳಿಯಬಲ್ಲವನು ಯಾರು, ಕೆಳಗಿನವನ ಮೇಲೆ ದಾಟಿಸಬಲ್ಲವನು ಯಾರು ಎಂಬುದರಿಂದಲೂ ಅಳೆಯಬೇಕು. 2005ರ ಮೌಲ್ಯವರ್ಧಿತ ತೆರಿಗೆಗೂ 2017ರ ಜುಲೈ 1ರಂದು ಬಂದ ಸರಕು ಮತ್ತು ಸೇವಾ ತೆರಿಗೆಗೂ ಇದೇ ಪ್ರಶ್ನೆಯನ್ನು ಹಾಕಿ ನೋಡಬೇಕಾಗಿದೆ. ಸರಕಾರದ ದಫ್ತರುಗಳು ಆಜ್ಞೆ ಹೊರಟ ದಿನವನ್ನು ಹೇಳುತ್ತವೆ. ಅದು ಜಾಲಹಳ್ಳಿಯ ಅಂಗಡಿಯನ್ನು ತಲಪಿದ ದಿನವನ್ನು ಹಳೆಯ ಕಿರ್ದಿ ಖಾತೆಗಳು ಹೇಳಬಲ್ಲವು. ಅವು ಗೆದ್ದಲಿನ ಪಾಲಾಗುವ ಮುನ್ನ, ಮನೆತನದವರ ಒಪ್ಪಿಗೆ ಪಡೆದು ಅವನ್ನು ನಕಲು ಮಾಡಿಡುವ ಕಾರ್ಯಕ್ಕೆ ಈ ಜಿಲ್ಲೆಯ ವಿದ್ಯಾರ್ಥಿಗಳೇ ಕೈಹಾಕಬೇಕು.