ವರ್ಚುವಲ್ ಮಷೀನಿನ ಗಡಿಯಾರ: ಅನುಕರಣೆಯಿಂದ ಅವಲಂಬನೆಗೆ

ಒಂದು ಕಂಪ್ಯೂಟರಿನೊಳಗೆ ಹತ್ತಾರು ವರ್ಚುವಲ್ ಮಷೀನುಗಳನ್ನು ಓಡಿಸುವಾಗ ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲವನ್ನೂ ಪಾಲು ಮಾಡಿ ಕೊಡಬಹುದು. ಡಿಸ್ಕಿನ ಮಾಹಿತಿ ತುಸು ತಡವಾಗಿ ಸಿಕ್ಕರೂ ಅದು ಕೆಡುವುದಿಲ್ಲ. ಕಾಲದ ವಿಷಯ ಹಾಗಲ್ಲ. ತಡವಾಗಿ ತಲುಪಿದ ಸಮಯವೆಂದರೆ ತಪ್ಪು ಸಮಯ. ಕಳೆದ ಕಾಲು ಶತಮಾನದಲ್ಲಿ ಈ ಕ್ಷೇತ್ರ ನಡೆದುಬಂದ ದಾರಿಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ವರ್ಚುವಲ್ ಮಷೀನ್ ತನಗೂ ಸ್ವಂತ ಗಡಿಯಾರವಿದೆಯೆಂದು ನಂಬಿದ್ದಷ್ಟು ದಿನ ದಾರಿ ತಪ್ಪಿತು, ತನ್ನನ್ನು ಓಡಿಸುವ ಹೋಸ್ಟ್ ಕಂಪ್ಯೂಟರಿನ ಗಡಿಯಾರವನ್ನೇ ಓದಲು ಒಪ್ಪಿದಂತೆಲ್ಲ ಸರಿಹೋಯಿತು.

1999ರಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ ಬಂದಾಗ ಆಪರೇಟಿಂಗ್ ಸಿಸ್ಟಂಗಳು ಟೈಮರಿನ ಟಿಕ್‌ಗಳನ್ನು ಎಣಿಸಿ ಕಾಲ ಅಳೆಯುತ್ತಿದ್ದವು. ಎಕ್ಸ್86 ಯಂತ್ರಗಳ ಮೇಲೆ ಲಿನಕ್ಸ್ 2.4 ಸೆಕೆಂಡಿಗೆ 100 ಟಿಕ್ ಕೇಳಿದರೆ, 2.6 ಬಂದಾಗ ಅದು 1000ಕ್ಕೆ ಏರಿತು. ವರ್ಚುವಲ್ ಮಷೀನಿಗೆ ಪ್ರೊಸೆಸರಿನ ಸರದಿ ಬಾರದ ಹೊತ್ತಿನಲ್ಲಿ ಟಿಕ್‌ಗಳು ಬಾಕಿ ಉಳಿದು ಗಡಿಯಾರ ಹಿಂದೆ ಬೀಳುತ್ತಿತ್ತು. ಆ ಬಾಕಿಯನ್ನು ಮಷೀನುಗಳನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರ್ ಆಮೇಲೆ ಒಟ್ಟಾಗಿ ತೀರಿಸುತ್ತಿತ್ತು. ಅದೇ ನಷ್ಟವನ್ನು ಲಿನಕ್ಸ್ ಕೂಡ ತಾನಾಗಿ ತುಂಬಿಕೊಳ್ಳುತ್ತಿದ್ದುದರಿಂದ ಒಂದೇ ಸಾಲ ಎರಡು ಸಲ ಸಂದಾಯವಾಗಿ ಗಡಿಯಾರ ಮುಂದೋಡುತ್ತಿತ್ತು. ಟೈಮರ್ ಚಿಪ್ಪನ್ನು ಎಷ್ಟು ನಿಷ್ಠೆಯಿಂದ ಅನುಕರಿಸಿದರೂ ಕಾಲವನ್ನು ಅನುಕರಿಸಲಾಗಲಿಲ್ಲ.

2003ರ ಝೆನ್ ಹೈಪರ್‌ವೈಸರ್ ಬೇರೆ ದಾರಿ ಹಿಡಿಯಿತು. ಹೋಸ್ಟ್ ಹಂಚಿಕೆಯ ಮೆಮೊರಿ ಪುಟದಲ್ಲಿ ಸಮಯವನ್ನು ಬರೆದಿಡುತ್ತದೆ. ವರ್ಚುವಲ್ ಮಷೀನ್ ಅದನ್ನು ಓದಿ, ಪ್ರೊಸೆಸರಿನ ಟಿಎಸ್‌ಸಿ ಎಣಿಕೆಯಿಂದ ಅಲ್ಲಿಂದೀಚೆಗೆ ಕಳೆದ ಕಾಲವನ್ನು ಲೆಕ್ಕಹಾಕುತ್ತದೆ. 2008ರಲ್ಲಿ ಲಿನಕ್ಸಿಗೆ ಸೇರಿದ, ಕೆವಿಎಂ ಹೈಪರ್‌ವೈಸರಿನ ಕೆವಿಎಂ-ಕ್ಲಾಕ್ ಇದೇ ತತ್ವದ್ದು. ಪ್ರೊಸೆಸರಿನ ವೇಗ ಬದಲಾದರೂ ಒಂದೇ ಗತಿಯಲ್ಲಿ ಎಣಿಸುವ ಟಿಎಸ್‌ಸಿ ಅದೇ ಸುಮಾರಿಗೆ ಬಂದದ್ದರಿಂದ ಈ ಲೆಕ್ಕಕ್ಕೆ ಗಟ್ಟಿ ಅಡಿಪಾಯ ಸಿಕ್ಕಿತು. ಆದರೂ ಒಂದು ಕೊರತೆ ಉಳಿಯಿತು: ಗತಿ ಹೋಸ್ಟಿನದು, ಗಂಟೆ-ದಿನಾಂಕ ಮಾತ್ರ ಆರಂಭದಲ್ಲೊಮ್ಮೆ ಪಡೆದದ್ದು. ಹೋಸ್ಟ್ ಮುಂದೆ ತನ್ನನ್ನು ತಿದ್ದಿಕೊಂಡರೆ ಅದು ಒಳಗಿನವರಿಗೆ ತಿಳಿಯುತ್ತಿರಲಿಲ್ಲ.

ನೆಟ್‌ವರ್ಕಿನ ಮೂಲಕ ಸಮಯ ಹೊಂದಿಸುವ ಎನ್‌ಟಿಪಿಯನ್ನು ಪ್ರತಿ ಮಷೀನಿನಲ್ಲೂ ಓಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಡೇವಿಡ್ ಮಿಲ್ಸ್ 1985ರಲ್ಲಿ ರೂಪಿಸಿದ ಈ ವಿಧಾನ ಇಂದಿಗೂ ಅಂತರ್ಜಾಲದ ಸಮಯಪಾಲನೆಯ ಬೆನ್ನೆಲುಬು. ಆದರೆ ಅದು ನಿಧಾನವಾಗಿ ಜಾರುವ ಗಡಿಯಾರಕ್ಕೆ ಮದ್ದು, ನಿಂತು ಜಿಗಿಯುವ ಗಡಿಯಾರಕ್ಕಲ್ಲ. ಅದರ ತಿದ್ದುಪಡಿಯ ವೇಗದ ಮಿತಿ ಹತ್ತು ಲಕ್ಷಕ್ಕೆ 500 ಭಾಗ. ಮೆಲ್ಲಗೆ ಸರಿಪಡಿಸಹೊರಟರೆ ಒಂದು ಸೆಕೆಂಡಿನ ತಪ್ಪಿಗೆ 2000 ಸೆಕೆಂಡು ಬೇಕು. ಮಷೀನನ್ನು ತಡೆದು ಮತ್ತೆ ಎಬ್ಬಿಸಿದಾಗ, ಓಡುತ್ತಿರುವಾಗಲೇ ಬೇರೆ ಹೋಸ್ಟಿಗೆ ಸಾಗಿಸಿದಾಗ ಅದುವರೆಗೆ ಕಲಿತ ಗತಿಯ ಅಂದಾಜೂ ವ್ಯರ್ಥ. 2010ರಲ್ಲಿ ಸಂಶೋಧಕ ಬ್ರೂಮ್‌ಹೆಡ್ ಮತ್ತು ಸಂಗಡಿಗರು ಕಾಲವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ವರ್ಚುವಲ್ ಮಾಡಿ ಎಂದು ವಾದಿಸಿದ್ದು ಇದಕ್ಕಾಗಿಯೇ. 2017ರಲ್ಲಿ ಲಿನಕ್ಸಿಗೆ ಬಂದ ಪಿಟಿಪಿ-ಕೆವಿಎಂ ಚಾಲಕ ಹೋಸ್ಟಿನ ಗಡಿಯಾರವನ್ನು ನೆಟ್‌ವರ್ಕಿನ ಹಂಗಿಲ್ಲದೆ ಒಳಗೆ ಸಮಯ ಹೊಂದಿಸುವ ತಂತ್ರಾಂಶವಾದ ಕ್ರೋನಿಗೆ ತೋರಿಸುತ್ತದೆ. ಮೇಲೆ ಹೇಳಿದ ಕೊರತೆಯನ್ನು ತುಂಬಿದ್ದು ಇದು.

ಹೋಸ್ಟೇ ತಪ್ಪಿದರೆ ಎಲ್ಲರೂ ಒಟ್ಟಿಗೆ ತಪ್ಪುವುದಿಲ್ಲವೇ ಎಂಬ ಆಕ್ಷೇಪ ಇನ್ನೂ ತೂಕದ್ದು. ನಿಜ, ಹೋಸ್ಟನ್ನು ನಂಬಲಾಗದ ಸಂದರ್ಭಗಳಿಗೆಂದೇ ಪ್ರೊಸೆಸರ್ ತಯಾರಕ ಎಎಂಡಿ, ಹೋಸ್ಟ್ ತಿದ್ದಲಾಗದ ಸೆಕ್ಯೂರ್ ಟಿಎಸ್‌ಸಿಯನ್ನು ಕೊಟ್ಟಿದೆ. ಆದರೆ ಇಪ್ಪತ್ತು ಗಡಿಯಾರಗಳು ಇಪ್ಪತ್ತು ಬಗೆಯಲ್ಲಿ ತಪ್ಪುವುದಕ್ಕಿಂತ ಒಂದನ್ನು ಸರಿಯಾಗಿಟ್ಟು ಕಾಯುವುದು ಸುಲಭ. ಐದು ನಿಮಿಷ ವ್ಯತ್ಯಾಸವಾದರೆ ಬಳಕೆದಾರರ ಗುರುತು ಪರಿಶೀಲಿಸುವ ಕೆರ್ಬರೋಸ್ ಸಾಮಾನ್ಯವಾಗಿ ಲಾಗಿನ್ ನಿರಾಕರಿಸುತ್ತದೆ; ಲಾಗ್‌ಗಳ ಕ್ರಮ ತಲೆಕೆಳಗಾಗಲು ಅಷ್ಟೂ ಬೇಡ. ಭಾರತದಲ್ಲಿ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯಮೂಲಕ್ಕೆ ಕಂಪ್ಯೂಟರುಗಳನ್ನು ಹೊಂದಿಸಲು ಹೇಳಿದೆ. ಆದ್ದರಿಂದ ಸರ್ವರ್ ನೋಡಿಕೊಳ್ಳುವವರು ಮೊದಲು ಹೋಸ್ಟಿನ ಗಡಿಯಾರವನ್ನು ಭದ್ರಪಡಿಸಲಿ, ಹೊರಗಿನ ಮೂಲಗಳೊಡನೆ ಅದನ್ನು ಸದಾ ತಾಳೆ ನೋಡುತ್ತಿರಲಿ, ಒಳಗಿನ ಪ್ರತಿ ಗಡಿಯಾರವನ್ನು ತಿದ್ದುವ ಅಧಿಕಾರವನ್ನು ಒಂದೇ ಸಾಧನಕ್ಕೆ ಕೊಡಲಿ.